ಬಣ್ಣ ಕೊನೆಗೆ: ಅಡಿಕೆ ಲೆಕ್ಕದ ಶೀಟನ್ನು ಓದುವ ಹಾಗೆ ಮಾಡುವುದು ಹೇಗೆ

ಮಾರ್ಚ್ ಹತ್ತಿರ ಬಂತು ಅಂದರೆ ಶಿರಸಿ ಸುತ್ತಲಿನ ಊರುಗಳಿಂದ ನನ್ನ ಫೋನಿಗೆ ಎಕ್ಸೆಲ್ ಶೀಟ್‌ಗಳು ಬರಲು ಶುರುವಾಗುತ್ತವೆ. ಅಡಿಕೆ ವಿಕ್ರಿಯ ಲೆಕ್ಕ, ಸ್ವಸಹಾಯ ಸಂಘದ ಸಾಲದ ಲೆಕ್ಕ, ದೇವಸ್ಥಾನದ ವಂತಿಗೆ ಪಟ್ಟಿ. ಜೊತೆಗೆ ಒಂದೇ ಮಾತು: "ಸ್ವಲ್ಪ ಚಂದ ಮಾಡಿ ಕೊಡಿ." ತೆರೆದು ನೋಡಿದರೆ ಬಣ್ಣ ಆಗಲೇ ಬೇಕಾದಷ್ಟು ಇರುತ್ತದೆ. ಹಳದಿ ತಲೆಬರಹ, ಹಸಿರು ಸಾಲು, ಕೆಂಪು ಅಕ್ಷರ. ಆದರೆ ಮೊತ್ತ ಕೂಡುವುದಿಲ್ಲ, ದಿನಾಂಕ ಜೋಡಿಸಿದರೆ ಏಪ್ರಿಲ್ ಆದಮೇಲೆ ಜನವರಿ ಬರುತ್ತದೆ.

ಹೆಚ್ಚಿನವರ ತಪ್ಪು ಒಂದೇ. ಕೆಲಸದ ಕ್ರಮ ತಿರುಗುಮುರುಗಾಗಿದೆ. ಬಣ್ಣದಿಂದ ಶುರು ಮಾಡುತ್ತಾರೆ, ಅಂಕಿ ಸರಿ ಇದೆಯಾ ಅಂತ ಕೊನೆಗೆ ನೋಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ಹಾರಿಸಿದರೆ ಮೂರು ಹಂತ ಆದಮೇಲೆ ಮತ್ತೆ ಅಲ್ಲಿಗೇ ವಾಪಸ್ ಬರಬೇಕಾಗುತ್ತದೆ.

ಉದಾಹರಣೆ ಒಂದೇ ಇಟ್ಟುಕೊಳ್ಳೋಣ. ಒಂದು ಗುಂಪಿನ ಸದಸ್ಯರು ವರ್ಷವಿಡೀ ಮಾರಿದ ಅಡಿಕೆಯ ಲೆಕ್ಕ. ವಾರ್ಷಿಕ ಸಭೆಯಲ್ಲಿ ಎಲ್ಲರ ಕೈಗೂ ಕೊಡಬೇಕು.

ಬೇಕಾದ ಸಾಮಾನು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್, ಯಾವುದಾದರೂ ಸರಿ. ಕೆಲಸ ಮಾತ್ರ ಕಂಪ್ಯೂಟರಿನಲ್ಲೇ ಮಾಡಿ. ಫೋನಿನಲ್ಲಿ ನೋಡಬಹುದು, ಒಂದೆರಡು ಅಂಕಿ ತಿದ್ದಬಹುದು, ಇಷ್ಟು ಕೆಲಸ ಆಗುವುದಿಲ್ಲ. ಮೂಲ ರಸೀದಿಗಳು ಅಥವಾ ಲೆಕ್ಕದ ಪುಸ್ತಕ ಪಕ್ಕದಲ್ಲಿ ಇರಲಿ. ಅನುಮಾನ ಬಂದ ಅಂಕಿಯನ್ನು ಅದರಲ್ಲಿ ನೋಡಿಯೇ ಸರಿಮಾಡಬೇಕು.

ಹಂತ 1: ಪ್ರತಿ ಮಾಡಿಕೊಳ್ಳಿ, ಓದುವವರು ಯಾರು ಅಂತ ಕೇಳಿಕೊಳ್ಳಿ

ಫೈಲಿನ ಇನ್ನೊಂದು ಪ್ರತಿ ಮಾಡಿ, ಹೆಸರಿನ ಕೊನೆಗೆ ದಿನಾಂಕ ಹಾಕಿ. ಮೂಲವನ್ನು ಮುಟ್ಟಬೇಡಿ.

ಆಮೇಲೆ ಇದನ್ನು ಯಾರು ಓದುತ್ತಾರೆ ಅಂತ ಯೋಚಿಸಿ. ಆಡಿಟರ್ ಓದುವುದಾದರೆ ಎಲ್ಲ ಕಾಲಂ ಬೇಕು. ಸಭೆಗೆ ಬರುವ ಎಪ್ಪತ್ತು ವರ್ಷದ ಬೆಳೆಗಾರರಿಗೆ ಬೇಕಾದ್ದು ಒಂದೇ: "ತಮ್ಮಾ, ಯನ್ನ ಚಾಲಿ ಲೆಕ್ಕ ಎಲ್ಲಿದ್ದು?" (ಚಾಲಿ ಅಂದರೆ ಒಣಗಿಸಿ ಸುಲಿದ ಅಡಿಕೆ.) ಅವರ ಹೆಸರು, ಕಿಲೋ, ಮೊತ್ತ. ಇಬ್ಬರಿಗೂ ಒಂದೇ ಹಾಳೆ ಕೊಡಲು ಹೋದರೆ ಇಬ್ಬರಿಗೂ ಅರ್ಥವಾಗುವುದಿಲ್ಲ.

ಹಂತ 2: ಒಂದು ಸಾಲಿಗೆ ಒಂದು ವಿಕ್ರಿ

ಪುಸ್ತಕದಲ್ಲಿ ಬರೆಯುವ ರೂಢಿ ಬೇರೆ. ಮೇಲೆ ಒಬ್ಬರ ಹೆಸರು, ಅದರ ಕೆಳಗೆ ಅವರ ಐದು ವಿಕ್ರಿ, ನಡುವೆ ಒಂದು ಮೊತ್ತ, ಒಂದು ಖಾಲಿ ಸಾಲು, ಆಮೇಲೆ ಇನ್ನೊಬ್ಬರು. ಕಾಗದದ ಮೇಲೆ ಇದು ಚೆನ್ನಾಗಿಯೇ ಇರುತ್ತದೆ. ಶೀಟಿನಲ್ಲಿ ಇದೇ ಮೊದಲ ತೊಂದರೆ. ಖಾಲಿ ಸಾಲು ಬಂದಲ್ಲಿ ಎಕ್ಸೆಲ್ ಪಟ್ಟಿ ಮುಗಿಯಿತು ಅಂದುಕೊಳ್ಳುತ್ತದೆ. ನಡುವಿನ ಮೊತ್ತಗಳು ಕೊನೆಯ ಮೊತ್ತದಲ್ಲಿ ಎರಡನೇ ಸಲ ಸೇರಿಬಿಡುತ್ತವೆ.

ಹೀಗೆ ಮಾಡಿ. ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳು: ದಿನಾಂಕ, ಸದಸ್ಯ ಸಂಖ್ಯೆ, ಹೆಸರು, ಊರು, ಬಗೆ, ಚೀಲ, ಕಿಲೋ, ಕ್ವಿಂಟಲ್ ದರ, ಮೊತ್ತ, ಬಾಕಿ, ಬ್ಯಾಂಕ್ ಖಾತೆ ಸಂಖ್ಯೆ. ಅದರ ಕೆಳಗೆ ಪ್ರತಿ ವಿಕ್ರಿಗೂ ಒಂದು ಪೂರ್ತಿ ಸಾಲು. ಹೆಸರು ಐದು ಸಲ ಬರಬೇಕಾದರೆ ಐದು ಸಲವೂ ಬರಲಿ. ಖಾಲಿ ಸಾಲುಗಳನ್ನೂ ನಡುವಿನ ಮೊತ್ತಗಳನ್ನೂ ತೆಗೆಯಿರಿ. ಶೀರ್ಷಿಕೆ, ವರ್ಷ ಇವೆಲ್ಲ ಪ್ರಿಂಟ್ ಮಾಡುವಾಗ ಮೇಲಿನ ಅಂಚಿನಲ್ಲಿ ಬರುವ ಹಾಗೆ ಮಾಡಬಹುದು. ಶೀಟಿನ ಒಳಗೆ ಬೇಡ.

ಸದಸ್ಯ ಸಂಖ್ಯೆ ಯಾಕೆ? ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಗಡೆಯವರು ಇರುವುದು ನಮ್ಮಲ್ಲಿ ಮಾಮೂಲು. ಒಬ್ಬರ ಚಾಲಿ ಇನ್ನೊಬ್ಬರ ಖಾತೆಗೆ ಹೋದರೆ ಸಭೆಯಲ್ಲಿ ಮಾತು ಬೆಳೆಯುತ್ತದೆ.

ಮರ್ಜ್ ಮಾಡಿದ, ಅಂದರೆ ಒಂದಾಗಿ ಸೇರಿಸಿದ ಸೆಲ್‌ಗಳನ್ನೆಲ್ಲ ಈಗಲೇ ಬಿಡಿಸಿ. ಪೂರ್ತಿ ಶೀಟ್ ಆಯ್ದುಕೊಂಡು ಅನ್‌ಮರ್ಜ್ ಒತ್ತಿ. ಬಿಡಿಸಿದಾಗ ಮೊದಲ ಸೆಲ್‌ನಲ್ಲಿ ಮಾತ್ರ ಹೆಸರು ಉಳಿಯುತ್ತದೆ, ಕೆಳಗಿನವು ಖಾಲಿ. ಅವನ್ನು ತುಂಬಿ. ಎರಡು ಮೂರು ಕಾಲಂ ಮೇಲೆ ಒಂದು ಪದ ನಡುವೆ ಕೂರಲೇಬೇಕು ಅಂದರೆ ಎಕ್ಸೆಲ್‌ನ ಫಾರ್ಮ್ಯಾಟ್ ಸೆಲ್ಸ್, ಅಲೈನ್‌ಮೆಂಟ್ ಒಳಗೆ ಸೆಂಟರ್ ಅಕ್ರಾಸ್ ಸೆಲೆಕ್ಷನ್ ಇದೆ. ನೋಡಲು ಮರ್ಜ್ ಥರವೇ, ಸೆಲ್‌ಗಳು ಮಾತ್ರ ಬೇರೆ ಬೇರೆಯಾಗಿಯೇ ಇರುತ್ತವೆ.

ಎಚ್ಚರಿಕೆಯ ಗುರುತು: ಸಾರ್ಟ್ ಒತ್ತಿದಾಗ ಮರ್ಜ್ ಸೆಲ್‌ಗಳೆಲ್ಲ ಒಂದೇ ಅಳತೆ ಇರಬೇಕು ಎಂಬ ಸಂದೇಶ ಬಂದರೆ, ಎಲ್ಲೋ ಒಂದು ಮರ್ಜ್ ಉಳಿದಿದೆ.

ಹಂತ 3: ಅಂಕಿ ನಿಜವಾಗಿ ಅಂಕಿಯಾ ನೋಡಿ

ಅತಿ ಜಾಸ್ತಿ ಶೀಟ್‌ಗಳು ಕೆಡುವುದು ಇಲ್ಲಿ. ಈ ಹಂತಕ್ಕೆ ಸಮಯ ಕೊಡಿ.

ಕಿಲೋ ಕಾಲಂನಲ್ಲಿ "312 ಕೆಜಿ" ಅಂತ ಬರೆದರೆ ಎಕ್ಸೆಲ್‌ಗೆ ಅದು ಅಂಕಿ ಅಲ್ಲ, ಬರಹ. ಸಮ್ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನು ಕೂಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಅಳತೆಯ ಹೆಸರು ಕಾಲಂ ತಲೆಯಲ್ಲಿರಲಿ, ಸೆಲ್‌ನಲ್ಲಿ ಬರೀ 312. ಅಂಕಿಯ ಪಕ್ಕದಲ್ಲಿ ಕೆಜಿ ಕಾಣಲೇಬೇಕು ಅಂತಿದ್ದರೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0" ಕೆಜಿ" ಎಂದು ಕೊಡಿ. ಕಾಣುವುದು 312 ಕೆಜಿ, ಒಳಗೆ ಇರುವುದು 312.

ಇನ್ನೊಂದು ನಮ್ಮ ಕಡೆಯದೇ ತೊಂದರೆ. ಮೂರು ಕ್ವಿಂಟಲ್ ಹನ್ನೆರಡು ಕಿಲೋವನ್ನು ಹಿರಿಯರು 3-12 ಅಂತ ಬರೆಯುತ್ತಾರೆ. ಅದನ್ನೇ ಸೆಲ್‌ನಲ್ಲಿ ಒತ್ತಿದರೆ ಎಕ್ಸೆಲ್ ಅದನ್ನು ಡಿಸೆಂಬರ್ 3 ಮಾಡುತ್ತದೆ. ಗಾಬರಿಯಾಗಿ ಫಾರ್ಮ್ಯಾಟ್ ಅನ್ನು ನಂಬರ್ ಮಾಡಿದರೆ 45994 ಥರದ ಅಂಕಿ ಬರುತ್ತದೆ. ದಿನಾಂಕವನ್ನು ಎಕ್ಸೆಲ್ ಒಳಗೆ ಇಟ್ಟುಕೊಳ್ಳುವುದೇ ಹೀಗೆ. 1900ರ ಜನವರಿ 1ಕ್ಕೆ 1 ಅಂತ ಹಿಡಿದು ಅಲ್ಲಿಂದ ದಿನ ಎಣಿಸುತ್ತದೆ. 2025ರ ಡಿಸೆಂಬರ್ 3 ಅಂದರೆ 45994. ನಿಮ್ಮ 3-12 ಕಳೆದುಹೋಗಿದೆ, ಫಾರ್ಮ್ಯಾಟ್ ಬದಲಿಸಿ ಅದನ್ನು ವಾಪಸ್ ತರಲು ಆಗುವುದಿಲ್ಲ. ಪುಸ್ತಕ ನೋಡಿ ಮತ್ತೆ ಬರೆಯಬೇಕು.

ಮೂರು ಕ್ವಿಂಟಲ್ ಐದು ಕಿಲೋ ಬಂದಾಗ ಕೆಲವರು 3.5 ಬರೆಯುತ್ತಾರೆ. ಅದು ಮೂರೂವರೆ ಕ್ವಿಂಟಲ್ ಆಯಿತು, ನಲವತ್ತೈದು ಕಿಲೋ ಜಾಸ್ತಿ. ಈ ಎರಡೂ ತಪ್ಪಿಗೆ ಒಂದೇ ಮದ್ದು: ಎಲ್ಲವನ್ನೂ ಕಿಲೋದಲ್ಲೇ ಬರೆಯಿರಿ. 312, 305. ದರ ಕ್ವಿಂಟಲ್‌ಗೆ ಇರಲಿ, ಮಾರುಕಟ್ಟೆಯಲ್ಲಿ ಹೇಳುವುದೇ ಹಾಗೆ. ಮೊತ್ತದ ಸೂತ್ರದಲ್ಲಿ ಕಿಲೋವನ್ನು ದರದಿಂದ ಗುಣಿಸಿ 100ರಿಂದ ಭಾಗಿಸಿ. ದರ 45,000 ಅಂತ ಇಟ್ಟುಕೊಂಡರೆ 312 ಕಿಲೋಗೆ 1,40,400 ಬರಬೇಕು. ಒಂದು ಸಾಲನ್ನು ಕೈಯಲ್ಲಿ ಲೆಕ್ಕ ಮಾಡಿ ತಾಳೆ ನೋಡಿದ ಮೇಲೆಯೇ ಸೂತ್ರವನ್ನು ಕೆಳಗೆ ಎಳೆಯಿರಿ.

ಪರೀಕ್ಷೆ ಸುಲಭ. ಕಿಲೋ ಕಾಲಂ ಪೂರ್ತಿ ಆಯ್ದುಕೊಂಡು ಎಕ್ಸೆಲ್ ಕಿಟಕಿಯ ಕೆಳಪಟ್ಟಿ ನೋಡಿ. ಕೌಂಟ್ ಮಾತ್ರ ಕಂಡು ಸಮ್ ಕಾಣದಿದ್ದರೆ ಒಂದೂ ಅಂಕಿ ಅಲ್ಲ. ಆ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂಮರಿಕಲ್ ಕೌಂಟ್ ಆನ್ ಮಾಡಿ. ತಲೆಬರಹ ಬಿಟ್ಟು ಆಯ್ದಾಗ ಕೌಂಟ್ 214, ನ್ಯೂಮರಿಕಲ್ ಕೌಂಟ್ 209 ಅಂತ ಬಂದರೆ ಐದು ಸೆಲ್ ಬರಹವಾಗಿ ಕೂತಿವೆ. ಸೆಲ್‌ನ ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನ, ಅಂಕಿ ತಾನಾಗಿ ಎಡಕ್ಕೆ ಸರಿದಿರುವುದು, ಇವೂ ಅದೇ ಗುರುತು. ಸರಿಪಡಿಸಲು ಕಾಲಂ ಆಯ್ದು ಡೇಟಾ, ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ಏನೂ ಬದಲಿಸದೆ ಫಿನಿಶ್ ಕೊಡಿ. ಹೆಚ್ಚಿನವು ಅಂಕಿಯಾಗುತ್ತವೆ. ಕೆಜಿ ಅಂಟಿಕೊಂಡವನ್ನು ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ತೆಗೆಯಿರಿ.

ಬ್ಯಾಂಕ್ ಖಾತೆ ಸಂಖ್ಯೆಗೆ ಇದು ಪೂರ್ತಿ ಉಲ್ಟಾ. ಅದು ಕೂಡುವ ಅಂಕಿ ಅಲ್ಲ, ಬರಹವಾಗಿಯೇ ಇರಬೇಕು. ಎಕ್ಸೆಲ್ 15 ಅಂಕೆಗಳವರೆಗೆ ಮಾತ್ರ ನಿಖರ. 16 ಅಂಕೆಯ ಖಾತೆ ಹಾಕಿದರೆ ಕೊನೆಯದು ಸೊನ್ನೆ ಆಗುತ್ತದೆ, ಸಂಖ್ಯೆಯ ಶುರುವಿನಲ್ಲಿರುವ ಸೊನ್ನೆಗಳು ಉದುರುತ್ತವೆ. ಹಾಗಾಗಿ ಸಂಖ್ಯೆ ಬರೆಯುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ. ಬರೆದ ಮೇಲೆ ಮಾಡಿದರೆ ಹೋದ ಅಂಕೆ ಬರುವುದಿಲ್ಲ. ಒಂದು ಗುಂಪಿನಲ್ಲಿ ಹೀಗೇ ಆಗಿ ಹಣ ಜಮಾ ಆಗದೆ ವಾಪಸ್ ಬಂದಿತ್ತು. ಆ ಶೀಟ್ ನೋಡಿದ ಮೇಲೆ ಈ ವಿಷಯವನ್ನು ಎಲ್ಲರಿಗೂ ಒತ್ತಿ ಹೇಳುತ್ತಿದ್ದೇನೆ.

ಖಾಲಿಗೂ ಸೊನ್ನೆಗೂ ವ್ಯತ್ಯಾಸ ಇದೆ. ಇದನ್ನು ಕಾರವಾರದ ಮೀನಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳಿಗೆ ಸೊನ್ನೆ ಹಾಕಿದರೆ ಸರಾಸರಿ ಸೂತ್ರ ಹನ್ನೆರಡು ತಿಂಗಳಿಂದ ಭಾಗಿಸುತ್ತದೆ. ಖಾಲಿ ಬಿಟ್ಟರೆ ಹತ್ತರಿಂದ. ಬೋಟು ಸಮುದ್ರಕ್ಕೆ ಹೋಗಿ ಬಂಗಡೆ ಸಿಗದೆ ಬಂದರೆ ಸೊನ್ನೆ, ಬೋಟೇ ಹೋಗದಿದ್ದರೆ ಖಾಲಿ. ಅಡಿಕೆಗೂ ಅಷ್ಟೇ: ಮಾರದ ತಿಂಗಳು ಬೇರೆ, ಲೆಕ್ಕ ಬರಬೇಕಾದ ತಿಂಗಳು ಬೇರೆ.

ಹಂತ 4: ದಿನಾಂಕ

15.03.2025 ಅಂತ ಚುಕ್ಕಿ ಹಾಕಿ ಬರೆದದ್ದು ಸಾಮಾನ್ಯವಾಗಿ ಬರಹವಾಗಿಯೇ ಉಳಿಯುತ್ತದೆ. ದಿನಾಂಕದ ಕಾಲಂ ಒಂದನ್ನೇ ಆಯ್ದುಕೊಂಡು ಚುಕ್ಕಿಯ ಜಾಗಕ್ಕೆ ಅಡ್ಡಗೆರೆ (-) ರಿಪ್ಲೇಸ್ ಮಾಡಿ. ಪೂರ್ತಿ ಶೀಟ್ ಆಯ್ದು ಮಾಡಿದಿರೋ, 305.5 ಕಿಲೋದ ಚುಕ್ಕಿಯೂ ಹೋಯಿತು.

ಇದಕ್ಕಿಂತ ದೊಡ್ಡ ಅಪಾಯ ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಇರುವುದು. ಆಗ 05-03-2025 ಎಂದರೆ ಅದಕ್ಕೆ ಮೇ 3. ಆದರೆ 15-03-2025ಕ್ಕೆ ಹದಿನೈದನೇ ತಿಂಗಳು ಇಲ್ಲವಲ್ಲ, ಅದನ್ನು ಬರಹವಾಗಿ ಬಿಡುತ್ತದೆ. ಅರ್ಧ ದಿನಾಂಕಗಳು ಬಲಕ್ಕೆ, ಅರ್ಧ ಎಡಕ್ಕೆ ಕೂತಿದ್ದರೆ ಇದೇ ಕಾರಣ. ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಇಂಡಿಯಾ ಆರಿಸಿ. ಗೂಗಲ್ ಶೀಟ್ಸ್‌ನಲ್ಲಿ ಫೈಲ್, ಸೆಟ್ಟಿಂಗ್ಸ್, ಲೊಕೇಲ್. ಆಗಲೇ ತಿರುಗಿಹೋದ ದಿನಾಂಕಗಳು ಇದರಿಂದ ತಾವಾಗಿ ಸರಿಯಾಗುವುದಿಲ್ಲ. ರಸೀದಿ ನೋಡಿ ಬರೆಯಬೇಕು.

ಹಂತ 5: ಹೆಸರು ಒಂದೇ ಥರ ಇರಲಿ

ಬಿಳಿಗೋಟು, ಬಿಳೆಗೋಟು, ಬಿಳೇಗೋಟು. ನಮಗೆ ಮೂರೂ ಒಂದೇ ಅಡಿಕೆ. ಶೀಟಿಗೆ ಮೂರು ಬಗೆ. ವಾನಳ್ಳಿ, ವಾನಹಳ್ಳಿ ಎರಡು ಊರು. ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ಬೇರೆಯೇ. ಫಿಲ್ಟರ್ ಹಾಕಿ ಪಟ್ಟಿ ತೆರೆದರೆ ಎಲ್ಲ ರೂಪಗಳೂ ಒಟ್ಟಿಗೆ ಕಾಣುತ್ತವೆ. ಒಂದು ರೂಪ ಆರಿಸಿ ಉಳಿದವನ್ನು ರಿಪ್ಲೇಸ್ ಮಾಡಿ. ಸ್ಪೇಸ್ ತೆಗೆಯಲು ಟ್ರಿಮ್ ಸೂತ್ರ ಇದೆ.

ಮುಂದಿನ ವರ್ಷಕ್ಕೆ ಈಗಲೇ ಡ್ರಾಪ್‌ಡೌನ್ ಮಾಡಿಟ್ಟುಬಿಡಿ: ಚಾಲಿ, ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕಾ. ಎಕ್ಸೆಲ್‌ನಲ್ಲಿ ಡೇಟಾ ವ್ಯಾಲಿಡೇಷನ್, ಶೀಟ್ಸ್‌ನಲ್ಲಿ ಇನ್ಸರ್ಟ್ ಒಳಗೆ ಡ್ರಾಪ್‌ಡೌನ್.

ಹಂತ 6: ಕನ್ನಡ ಅಕ್ಷರ ಯುನಿಕೋಡ್‌ನಲ್ಲಿ ಇರಲಿ

ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುವ ಕನ್ನಡ ಇನ್ನೊಬ್ಬರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ, ಅದನ್ನು ಯುನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳೂ ಒಂದೇ ಥರ ಓದುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಲಾಗಿದೆ. ಹೆಸರುಗಳನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಿ. ಆಮೇಲೆ ನಿರ್ಮಲ ಯುಐ, ತುಂಗಾ ಅಥವಾ ನೋಟೊ ಸಾನ್ಸ್ ಕನ್ನಡ, ಯಾವುದಾದರೂ ಒಂದನ್ನೇ ಇಡೀ ಶೀಟಿಗೆ ಕೊಡಿ. ಫಾಂಟ್ ಹೆಸರು ಬದಲಿಸಿದರೆ ಸಾಕು ಅಂದುಕೊಳ್ಳಬೇಡಿ, ಒಳಗಿನ ಅಕ್ಷರವೇ ಬದಲಾಗಬೇಕು.

ಸಿಎಸ್‌ವಿ ಫೈಲ್ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿ ಬರೀ ಬರಹವಾಗಿ ಉಳಿಸಿದ ಪಟ್ಟಿ) ತೆರೆದಾಗ ಕನ್ನಡ ಚೆಲ್ಲಾಪಿಲ್ಲಿಯಾಗುವುದು ಬೇರೆ ವಿಷಯ. ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆಯದೆ ಡೇಟಾ ಮೆನುವಿನಿಂದ ತಂದುಕೊಂಡು ಯುಟಿಎಫ್-8 ಆರಿಸಿದರೆ ಸರಿಯಾಗುತ್ತದೆ.

ಹಂತ 7: ಅಂಕಿಗಳ ರೂಪ

ಈಗ ಚಂದ ಮಾಡುವ ಕೆಲಸ ಶುರು.

ಬರಹ ಎಡಕ್ಕೆ, ಅಂಕಿ ಬಲಕ್ಕೆ. ಕಾಲಂ ತಲೆಬರಹವೂ ತನ್ನ ಕಾಲಂ ಇದ್ದ ಕಡೆಗೇ. ಅಂಕಿಯನ್ನು ನಡುವೆ ಕೂರಿಸಬೇಡಿ. ಬಲಕ್ಕೆ ಇದ್ದರೆ ಬಿಡಿ, ಹತ್ತು, ನೂರು ಒಂದರ ಕೆಳಗೆ ಒಂದು ಬಂದು, ಯಾವುದು ದೊಡ್ಡದು ಅಂತ ಓದದೆಯೇ ಗೊತ್ತಾಗುತ್ತದೆ. ಒಂದು ಕಾಲಂನಲ್ಲಿ ದಶಾಂಶ ಒಂದೇ ಥರ ಇರಲಿ. ಮೊತ್ತಕ್ಕೆ ಪೈಸೆ ಬೇಡದಿದ್ದರೆ ಎಲ್ಲೂ ಬೇಡ.

140,400 ಅಂತ ಕಂಡರೆ ನಮ್ಮವರು ಒಂದು ಕ್ಷಣ ನಿಂತು ಓದುತ್ತಾರೆ. 1,40,400 ಆಗಬೇಕು. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಇದನ್ನು ಹಾಗೆಯೇ ಹಾಕಿ:

[>=10000000]##\,##\,##\,##0;[>=100000]##\,##\,##0;##,##0

ಇದು ಫೈಲಿನ ಜೊತೆಗೇ ಹೋಗುತ್ತದೆ, ಯಾರ ಕಂಪ್ಯೂಟರಿನಲ್ಲಿ ತೆರೆದರೂ ಲಕ್ಷದ ಲೆಕ್ಕದಲ್ಲೇ ಕಾಣುತ್ತದೆ. ಒಂದು ಕೊರತೆ ಇದೆ: ಮೈನಸ್ ಅಂಕಿಗಳಿಗೆ ಲಕ್ಷದ ಗುಂಪು ಬರುವುದಿಲ್ಲ. ರೂಪಾಯಿ ಗುರುತು ಪ್ರತಿ ಸೆಲ್‌ಗೂ ಬೇಡ, ಕಾಲಂ ತಲೆಯಲ್ಲಿ ಒಮ್ಮೆ ಸಾಕು.

ಹಂತ 8: ಅಗಲ, ಎತ್ತರ, ತಲೆಸಾಲು

ಸೆಲ್ ತುಂಬ ##### ಕಂಡರೆ ಹೆದರಬೇಡಿ, ಕಾಲಂ ಅಗಲ ಸಾಲುತ್ತಿಲ್ಲ ಅಷ್ಟೇ. ಎರಡು ಕಾಲಂ ನಡುವಿನ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ.

ಸಾಲಿನ ಎತ್ತರ ಕನ್ನಡಕ್ಕೆ ಸ್ವಲ್ಪ ಜಾಸ್ತಿ ಬೇಕು. ಇಂಗ್ಲಿಷ್ ಅಳತೆಯಲ್ಲಿ ಬಿಟ್ಟರೆ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಪರದೆಯ ಮೇಲೆ ಸರಿ ಕಂಡರೂ ಪ್ರಿಂಟ್‌ನಲ್ಲಿ "ಭಟ್ಟ" ಹೋಗಿ "ಭಟ" ಆದೀತು. ಸಾಲುಗಳನ್ನೆಲ್ಲ ಆಯ್ದು ಎತ್ತರ 20ರ ಆಸುಪಾಸು ಇಡಿ, ಅಕ್ಷರವನ್ನು ಮೇಲೆ ಕೆಳಗೆ ನಡುವೆ ಬರುವ ಹಾಗೆ ಕೂರಿಸಿ.

ಮೇಲಿನ ಸಾಲನ್ನು ಫ್ರೀಜ್ ಮಾಡಿ: ವ್ಯೂ, ಫ್ರೀಜ್. ನೂರನೇ ಸಾಲಿಗೆ ಹೋದರೂ ಯಾವ ಕಾಲಂ ಏನು ಅಂತ ಕಾಣುತ್ತದೆ. ಎಕ್ಸೆಲ್‌ನಲ್ಲಿ ಕಂಟ್ರೋಲ್ ಮತ್ತು ಟಿ ಒಟ್ಟಿಗೆ ಒತ್ತಿ ಟೇಬಲ್ ಮಾಡಿಬಿಡಿ. ಸಾಲು ಬಿಟ್ಟು ಸಾಲಿಗೆ ತಿಳಿ ಬಣ್ಣ, ಫಿಲ್ಟರ್, ಹೊಸ ಸಾಲಿಗೆ ತಾನಾಗಿ ಸೂತ್ರ, ಮೂರೂ ಒಟ್ಟಿಗೆ ಬರುತ್ತವೆ. ಒಂದೇ ಕಾಲಂ ಆಯ್ದುಕೊಂಡು ಸಾರ್ಟ್ ಮಾಡುವವರು ಹೆಸರು ಒಬ್ಬರದು, ಕಿಲೋ ಇನ್ನೊಬ್ಬರದು ಮಾಡಿಡುತ್ತಾರೆ. ಟೇಬಲ್ ಮಾಡಿದರೆ ಆ ಭಯವೂ ಇಲ್ಲ.

ಕೆಳಗಿನ ಒಟ್ಟು ಮೊತ್ತಕ್ಕೆ ಟೇಬಲ್‌ನ ಟೋಟಲ್ ರೋ ಆನ್ ಮಾಡಿ. ಅದು ಫಿಲ್ಟರ್‌ನಲ್ಲಿ ಕಾಣುವ ಸಾಲುಗಳನ್ನಷ್ಟೇ ಕೂಡುತ್ತದೆ. ಚಾಲಿ ಮಾತ್ರ ಆರಿಸಿದರೆ ಚಾಲಿಯ ಮೊತ್ತ.

ಹಂತ 9: ಈಗ ಬಣ್ಣ

ತಲೆಸಾಲಿಗೆ ಒಂದು ಗಾಢ ಬಣ್ಣ, ಮೇಲೆ ಬಿಳಿ ದಪ್ಪ ಅಕ್ಷರ. ಸಾಲುಗಳಿಗೆ ಒಂದು ತೀರ ತಿಳಿ ಬಣ್ಣ. ಗಮನಕ್ಕೆ ತರಬೇಕಾದ ಒಂದು ವಿಷಯಕ್ಕೆ ಇನ್ನೊಂದು ಬಣ್ಣ, ಉದಾಹರಣೆಗೆ ಬಾಕಿ ಇರುವ ಹಣ. ಮೂರು ಸಾಕು. ಗೆರೆಗಳು ತೆಳು ಬೂದು ಇರಲಿ, ಒಟ್ಟು ಮೊತ್ತದ ಮೇಲೆ ಮಾತ್ರ ಒಂದು ಕಪ್ಪು ಗೆರೆ.

ಬಾಕಿಯ ಬಣ್ಣವನ್ನು ಕೈಯಿಂದ ಹಾಕಬೇಡಿ. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ಎಂದು ಕೊಡಿ. ಹಣ ಬಂದ ದಿನ ಬಣ್ಣ ತಾನಾಗಿ ಹೋಗುತ್ತದೆ. ಕೈಯಿಂದ ಹಾಕಿದ್ದು ಉಳಿದುಹೋಗಿ, ಕೊಟ್ಟವರೂ ಬಾಕಿದಾರರಾಗಿ ಕಾಣುತ್ತಾರೆ. ಸಭೆಯಲ್ಲಿ ಹತ್ತು ಜನರ ಎದುರು ಹಾಗೆ ಕಂಡವರ ಬೇಸರ ಸುಮ್ನೆ ಹೋಗುವಂಥದ್ದಲ್ಲ.

ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಇದ್ದಾರೆ. ಜೆರಾಕ್ಸ್ ಮಾಡಿದರೆ ಎಲ್ಲರಿಗೂ ಅದು ಕಾಣುವುದಿಲ್ಲ. ಹಾಗಾಗಿ ಬಣ್ಣದ ಜೊತೆ "ಬಾಕಿ" ಎಂಬ ಪದವೂ ಒಂದು ಕಾಲಂನಲ್ಲಿ ಇರಲಿ.

ಹಂತ 10: ಪ್ರಿಂಟ್

ಎ4 ಹಾಳೆ, ಅಡ್ಡಕ್ಕೆ. ಸ್ಕೇಲಿಂಗ್‌ನಲ್ಲಿ ಎಲ್ಲ ಕಾಲಂ ಒಂದೇ ಪುಟಕ್ಕೆ ಎಂಬುದನ್ನು ಆರಿಸಿ. ಅಕ್ಷರ 70 ಶೇಕಡಾಕ್ಕಿಂತ ಕುಗ್ಗಿದರೆ ಹಿರಿಯರಿಗೆ ಓದಲು ಆಗುವುದಿಲ್ಲ. ಆಗ ಅಕ್ಷರ ಕುಗ್ಗಿಸುವ ಬದಲು ಕಾಲಂ ಕಡಿಮೆ ಮಾಡಿ. ಚೀಲದ ಲೆಕ್ಕ, ಖಾತೆ ಸಂಖ್ಯೆ ಹೈಡ್ ಮಾಡಬಹುದು. ಖಾತೆ ಸಂಖ್ಯೆಯಂತೂ ಸಭೆಯಲ್ಲಿ ಹಂಚುವ ಹಾಳೆಯಲ್ಲಿ ಇರಲೇಬಾರದು. ಸದಸ್ಯರಿಗೆ ಕಳಿಸುವುದು ಪಿಡಿಎಫ್ ಆಗಿರಲಿ, ಹೈಡ್ ಮಾಡಿದ ಕಾಲಂ ಇರುವ ಎಕ್ಸೆಲ್ ಫೈಲ್ ಅಲ್ಲ. ಹೈಡ್ ಮಾಡಿದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು.

ಪೇಜ್ ಲೇಔಟ್, ಪ್ರಿಂಟ್ ಟೈಟಲ್ಸ್‌ನಲ್ಲಿ ಮೊದಲ ಸಾಲನ್ನು ಪ್ರತಿ ಪುಟದಲ್ಲೂ ಬರುವ ಹಾಗೆ ಕೊಡಿ. ಫ್ರೀಜ್ ಮಾಡಿದರೆ ಪ್ರಿಂಟ್‌ನಲ್ಲೂ ಬರುತ್ತದೆ ಅಂತ ಎಕ್ಸೆಲ್ ಬಳಸುವ ತುಂಬ ಜನ ಅಂದುಕೊಂಡಿದ್ದಾರೆ, ಬರುವುದಿಲ್ಲ. ಮೇಲಿನ ಅಂಚಿಗೆ ಗುಂಪಿನ ಹೆಸರು ಮತ್ತು ವರ್ಷ, ಕೆಳಗಿನ ಅಂಚಿಗೆ ಪುಟ ಸಂಖ್ಯೆ.

ಹಂತ 11: ಒಬ್ಬರಿಗೆ ತೋರಿಸಿ

ಒಂದೇ ಪ್ರತಿ ಕಪ್ಪು ಬಿಳುಪಿನಲ್ಲಿ ತೆಗೆಯಿರಿ. ಈ ಶೀಟನ್ನು ಮೊದಲು ನೋಡಿರದ ಒಬ್ಬ ಹಿರಿಯ ಸದಸ್ಯರ ಕೈಗೆ ಕೊಡಿ. ವಿವರಿಸಲು ಹೋಗಬೇಡಿ. ನಿಮ್ಮ ಸಾಲು ಹುಡುಕಿ ಅನ್ನಿ. ಈ ವರ್ಷ ಒಟ್ಟು ಎಷ್ಟು ಚಾಲಿ ಹೋಯಿತು, ಬಾಕಿ ಎಷ್ಟಿದೆ ಅಂತ ಕೇಳಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ ನೋಡುತ್ತಿರಿ. ಕಾಲಂ ದಾಟಿ ಪಕ್ಕದ ಸಾಲಿಗೆ ಜಾರಿದರೆ ಸಾಲಿನ ಎತ್ತರ ಅಥವಾ ತಿಳಿ ಬಣ್ಣ ಸಾಲುತ್ತಿಲ್ಲ. ತಲೆಸಾಲನ್ನು ಎರಡೆರಡು ಸಲ ಓದಿದರೆ ಕಾಲಂ ಹೆಸರು ಸರಿ ಇಲ್ಲ. ಅವರು ತಮ್ಮ ರಸೀದಿ ತೆಗೆದು ಮೊತ್ತ ತಾಳೆ ನೋಡಿ ಹೌದು ಅಂದ ಮೇಲೆ ಉಳಿದ ಪ್ರತಿಗಳನ್ನು ಪ್ರಿಂಟ್‌ಗೆ ಕೊಡಿ.